ಬಟ್ಟಲಿಗೆ ಬಿದ್ದ ಗ್ರಂಥಪಾಲಕ

"ಇವತ್ತು ಸಂಜೆ ನಾನು ಮತ್ತೆ ಸ್ಕೇಟ್‌ಬೋರ್ಡ್ ಹತ್ತುತ್ತೇನೆ!"

ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೀಗೆ ಘೋಷಿಸಿದೆ. ಕಳೆದುಕೊಂಡ ರಾಜ್ಯವನ್ನು ಮರಳಿ ಗೆಲ್ಲಲು ಹೊರಟ ಅರಸನ ಗತ್ತು ನನ್ನ ದನಿಯಲ್ಲಿತ್ತು. ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

"ಮತ್ತೆ ಅಂದ್ರೆ? ಮೊದಲು ಯಾವಾಗ ಹತ್ತಿದ್ರಿ?"

"ಕಾಲೇಜಿನಲ್ಲಿ! ಈ ಊರಿನ ಮೊದಲ ತಲೆಮಾರಿನ ಸ್ಕೇಟರ್ ಕಣೇ ನಾನು. ಅದು ನನ್ನ ಜೀವಮಾನದ ಹುಚ್ಚು!"

"ಹುಚ್ಚು ಗೊತ್ತಿತ್ತು. ಸ್ಕೇಟಿಂಗ್ ಈಗ ಗೊತ್ತಾಯ್ತು."

ಓದುಗರಲ್ಲಿ ಮುಚ್ಚುಮರೆ ಯಾಕೆ? ನನ್ನ ಜೀವಮಾನದ ಹುಚ್ಚಿನ ಒಟ್ಟು ಅವಧಿ ಹನ್ನೊಂದು ವಾರ. ಅದೂ ನೇರವಾಗಿ ಹೋಗಲು ಮಾತ್ರ ಬರುತ್ತಿತ್ತು. ತಿರುವು ಬಂದರೆ ಇಳಿದು, ಬೋರ್ಡನ್ನು ಎತ್ತಿ, ಬೇಕಾದ ದಿಕ್ಕಿಗೆ ಇಟ್ಟು, ಮತ್ತೆ ಹತ್ತುತ್ತಿದ್ದೆ. ಆದರೆ ಇಪ್ಪತ್ತೈದು ವರ್ಷ ತನಗೆ ತಾನೇ ಹೇಳಿಕೊಂಡು ತಿರುಗಿದರೆ ಯಾವ ಸಾಹಸಕ್ಕೂ ರೆಕ್ಕೆಪುಕ್ಕ ಬರುತ್ತದೆ. ನನ್ನದು ಹಾರಾಡುತ್ತಲೇ ಇತ್ತು!

ಇಷ್ಟಕ್ಕೆಲ್ಲ ಕಾರಣ ನಮ್ಮ ಹದಿನಾರರ ಮಗಳು. ಬಸ್ ಡಿಪೋ ಹಿಂದೆ ಸ್ಕೇಟಿಂಗ್ ಮೈದಾನ ಶುರುವಾದ ಮೇಲೆ ಅವಳ ಸಂಜೆಗಳೆಲ್ಲ ಅಲ್ಲೇ. ನನ್ನ ಜೊತೆ ದಿನಕ್ಕೆ ಎರಡೇ ಮಾತು: "ವೈಫೈ ಬರ್ತಿಲ್ಲ", "ಬಾಗಿಲು ಹಾಕ್ಕೊಂಡು ಹೋಗು". ಅವಳ ಕಣ್ಮುಂದೆ ಒಮ್ಮೆ ಬೋರ್ಡಿನ ಮೇಲೆ ತೇಲಿಹೋದರೆ, 'ನಮ್ಮಪ್ಪ!' ಅಂತ ಗೆಳತಿಯರಿಗೆ ತೋರಿಸದೆ ಇರುತ್ತಾಳೆಯೇ?

ಮೇಜಿನ ಆಚೆ ಬದಿಯಲ್ಲಿದ್ದ ಮಗಳು ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿ ಕೇಳಿದಳು: "ಅಪ್ಪಾ, ನೀನು ಅಲ್ಲಿಗೆ ಬರಲ್ಲ ತಾನೇ?"

"ಬರ್ತೀನಿ!"

"ಹಾಗಾದ್ರೆ ನಾನು ನಿನಗೆ ಗೊತ್ತಿಲ್ಲ. ನೀನೂ ನನಗೆ ಗೊತ್ತಿಲ್ಲ."

ನನ್ನ ಬೋರ್ಡು ಹದಿನೆಂಟು ವರ್ಷದಿಂದ ಹಾಲ್‌ನ ಮೂಲೆಯಲ್ಲಿ ದೊಡ್ಡ ಹೂಕುಂಡವೊಂದನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಅದನ್ನು ಬರೀ ಚಕ್ರದ ಹಲಗೆ ಅಂದುಕೊಂಡು, ಗುಡಿಸುವಾಗ ಕುಂಡ ಸರಿಸಲು ಸುಲಭ ಅಂತ ಹೆಂಡತಿ ಮಾಡಿದ ಏರ್ಪಾಡು. ಕುಂಡವನ್ನು ತಬ್ಬಿ ಎತ್ತಿದೆ. ಕುಂಡದ ಅಡಿ ಮಾತ್ರ ಬೋರ್ಡಿನ ಮೇಲೇ ಉಳಿಯಿತು! ಒಂದು ಬುಟ್ಟಿ ಮಣ್ಣು, ಎರಡು ಎರೆಹುಳು ಮತ್ತು ಒಂದು ಗಿಡ ಸೋಫಾದ ಮೇಲೆ ಆಸೀನವಾದವು.

ಹೆಂಡತಿ ಬಂದು ನೋಡಿದಳು. ಅವಳು ಫಿಸಿಯೋಥೆರಪಿಸ್ಟ್, ಮಂದಿಯ ಮೊಣಕಾಲು ಮಡಚಿಸಿ ಹೆಸರು ಮಾಡಿದವಳು. ನಿಧಾನವಾಗಿ ಹೇಳಿದಳು: "ಇನ್ನೂ ಹತ್ತೇ ಇಲ್ಲ, ಆಗಲೇ ಒಂದು ಜೀವ ಬೇರುಸಹಿತ ಹೋಯ್ತು. ನಾನು ಕ್ಲಿನಿಕ್ಕಿನಲ್ಲಿ ಆರರ ತನಕ ಇರ್ತೀನಿ. ಮುರ್ಕೊಳ್ಳೋದಿದ್ರೆ ಅದರೊಳಗೆ ಮುರ್ಕೊಳ್ಳಿ."

ಸಂಜೆ ಆಫೀಸಿನ ಬೂಟಿನಲ್ಲೇ ಮೈದಾನಕ್ಕೆ ಹೋದೆ. ನಡುವೆ ಬಟ್ಟಲಿನ ಹಾಗೆ ದುಂಡಗೆ ತೋಡಿ ಸಿಮೆಂಟು ಮೆತ್ತಿದ ಹಳ್ಳ. ಎರಡಾಳು ಆಳ. ಹುಡುಗ ಹುಡುಗಿಯರು ಅದರ ಗೋಡೆಗಳ ಮೇಲೆ ಸರ್ರನೆ ಹತ್ತಿ ಇಳಿಯುತ್ತಿದ್ದರು. ಮಗಳು ನನ್ನನ್ನು ಕಂಡದ್ದೇ ಹೆಲ್ಮೆಟ್ ಹಣೆಗಿಳಿಸಿಕೊಂಡು ಬೆನ್ನು ತಿರುಗಿಸಿದಳು.

ಅಂಚಿನಲ್ಲಿ ನಿಂತು ನಾನೊಂದು ಸಣ್ಣ ಭಾಷಣ ಮಾಡಿದೆ. ಬೇಕಿತ್ತೇ? ಖಂಡಿತ ಬೇಕಿರಲಿಲ್ಲ!

"ಮಕ್ಕಳೇ, ಇದು ಬರೀ ಹಲಗೆಯಲ್ಲ. ಇದೊಂದು ನಗರ ಸಂಸ್ಕೃತಿ! ಕಟ್ಟುಪಾಡುಗಳಿಗೆ ನಾವು ಒಡ್ಡುವ ಪ್ರತಿರೋಧ!"

ಅಲ್ಲಿ ಕಲಿಸುವ ಯುವತಿ ನನ್ನ ಮುಖವನ್ನೇ ದಿಟ್ಟಿಸಿದಳು. "ಸಾರ್, ಲೈಬ್ರರಿ ಮೆಟ್ಟಿಲಿನಿಂದ ನಮ್ಮನ್ನ ಓಡಿಸಿದೋರು ನೀವೇ ಅಲ್ವಾ? 'ಇಲ್ಲಿ ಸ್ಕೇಟಿಂಗ್ ನಿಷೇಧ' ಅಂತ ಬೋರ್ಡು ಹಾಕಿದೋರು?"

ಹೌದು ಸ್ವಾಮಿ. ನಾನು ಗ್ರಂಥಪಾಲಕ. ಆ ಬೋರ್ಡಿನ ಒಕ್ಕಣೆಯೂ ನನ್ನದೇ. 'ಉಲ್ಲಂಘಿಸಿದವರ ಮೇಲೆ' ಅನ್ನುವಲ್ಲಿ ಎರಡು ಗೆರೆ ಬೇರೆ ಎಳೆಸಿದ್ದೆ. ಎಲ್ಲರೂ ಚಕ್ರ ನಿಲ್ಲಿಸಿ ನನ್ನನ್ನೇ ನೋಡಿದರು. ಉತ್ತರ ಕೊಡುವುದಕ್ಕಿಂತ ಬೋರ್ಡು ಹತ್ತುವುದೇ ಸುಲಭ ಅನ್ನಿಸಿತು. ಹತ್ತಿದೆ.

ಇಷ್ಟು ವರ್ಷ ನಿಯಮ ಜಾರಿ ಮಾಡುತ್ತಿದ್ದವನು ಅಂದು ಖುದ್ದಾಗಿ ಜಾರಿದೆ! ಬೋರ್ಡು ಒಂದು ಕಡೆ, ನಾನು ಇನ್ನೊಂದು ಕಡೆ. ಕೂತ ಭಂಗಿಯಲ್ಲೇ, ಸೊಂಟದ ಕೆಳಗಿನ ಭಾಗವನ್ನು ವಾಹನ ಮಾಡಿಕೊಂಡು, ಬಟ್ಟಲಿನ ತಳ ಸೇರಿದೆ. ಪ್ಯಾಂಟು 'ಪರ್' ಅಂದಿತು. ಮೂಳೆ ಏನೂ ಅನ್ನಲಿಲ್ಲ.

ಎದ್ದು ಧೂಳು ಕೊಡವಿ, ಇದೆಲ್ಲ ಬೇಕೆಂದೇ ಮಾಡಿದ್ದು ಅನ್ನುವ ಮುಖ ಹೊತ್ತು ಮೇಲಕ್ಕೆ ನಡೆದೆ. ನಾಲ್ಕು ಹೆಜ್ಜೆ ಹತ್ತಿದೆ, ಐದು ಹೆಜ್ಜೆ ಜಾರಿದೆ. ನುಣುಪು ಅಟ್ಟೆಯ ಬೂಟು! ಓಡಿ ಹತ್ತಿದೆ, ಇನ್ನೂ ವೇಗವಾಗಿ ಇಳಿದೆ. ಬೂಟು ಬಿಚ್ಚಿದರೆ ಕಾಲುಚೀಲ ಅದಕ್ಕಿಂತ ನುಣುಪು. ಕಾಲುಚೀಲ ಬಿಚ್ಚಿದರೆ ಅಂಗಾಲಿನ ಬೆವರು. ಬಚ್ಚಲ ಬೋಗುಣಿಗೆ ಬಿದ್ದ ಜಿರಲೆಯ ಕಷ್ಟ ನನಗೆ ಅಂದು ಅರ್ಥವಾಯಿತು. ಅದನ್ನು ನೋಡಿ ನಕ್ಕಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

"ಯಾರಾದ್ರೂ ಬನ್ರೋ!" ಎಂದು ಕೂಗಿದೆ.

ಯುವತಿ ತುಟಿಯ ಮೇಲೆ ಬೆರಳಿಟ್ಟಳು. "ಸಾರ್, ಗಲಾಟೆ ಮಾಡಬಾರದು. ಬೇರೆಯವರಿಗೆ ತೊಂದರೆ ಆಗುತ್ತೆ."

ನನ್ನದೇ ವಾಕ್ಯ! ಒಂದಕ್ಷರವೂ ಬದಲಿಲ್ಲ!

ಅವರು ಮತ್ತೆ ಆಟ ಶುರು ಮಾಡಿದರು. ನನ್ನ ಸುತ್ತ ಗಿರಗಿರ ಸುತ್ತುತ್ತಾ, ಹಾದುಹೋಗುವಾಗ ಒಬ್ಬೊಬ್ಬರೂ ವಿನಯದಿಂದ "ಸಾರಿ ಅಂಕಲ್" ಅನ್ನುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಬ್ಬ ಮಗಳನ್ನು ಕೇಳಿದ: "ಯಾರೇ ಅದು?" ಅವಳು ಭುಜ ಕುಣಿಸಿದಳು: "ಯಾರೋ ಲೈಬ್ರರಿಯವರಂತೆ." ಆಮೇಲೆ ಮೂಲೆಗೆ ಹೋಗಿ ಫೋನು ಕಿವಿಗಿಟ್ಟುಕೊಂಡಳು. "ಅಮ್ಮಾ, ಬೇಗ ಬಾ. ಇಲ್ಲ, ಮುರಿದಿಲ್ಲ. ಒಳಗೆ ಇದ್ದಾನೆ."

ಹೆಂಡತಿ ಕ್ಲಿನಿಕ್ಕಿನ ಕೋಟಿನಲ್ಲೇ ಬಂದಳು. ಅಂಚಿನಿಂದ ಬಗ್ಗಿ ನೋಡಿ, "ರೀ, ಪ್ರತಿರೋಧ ಎಲ್ಲಿಗೆ ಬಂತು?" ಅಂದಳು. ಭಾಷಣದ ಸುದ್ದಿ ಆಗಲೇ ತಲುಪಿತ್ತು!

"ಮೊದಲು ಎಳಿಯೇ!"

ಅವಳು ರೋಗಿಗಳಿಗೆ ವ್ಯಾಯಾಮ ಮಾಡಿಸುವ ದಪ್ಪ ರಬ್ಬರ್ ಪಟ್ಟಿಯನ್ನು ಇಳಿಬಿಟ್ಟಳು. ಹಿಡಿದು ಜಗ್ಗಿದೆ. ಪಟ್ಟಿ ಉದ್ದವಾಯಿತು, ನಾನು ಇದ್ದಲ್ಲೇ ಇದ್ದೆ. ಇನ್ನೂ ಜಗ್ಗಿದೆ, ಇನ್ನೂ ಉದ್ದವಾಯಿತು. ಕೊನೆಗೆ ಬೆವರುಗೈಯಿಂದ ನುಣುಚಿಕೊಂಡು ಮೇಲಕ್ಕೆ ಹಾರಿ, ಅವಳ ಕನ್ನಡಕವನ್ನು ಕಿತ್ತುಕೊಂಡು ಹೋಯಿತು. ಆಗ ಅವಳು ನನ್ನ ಮನೆತನದ ಬಗ್ಗೆ ಆಡಿದ ಎರಡು ಮಾತು ಇಲ್ಲಿ ಬೇಡ.

ಕಡೆಗೆ ಏಳು ಜನ ಕೈಕೈ ಹಿಡಿದು ಸರಪಳಿಯಾಗಿ ಇಳಿದರು. ತುದಿಯಲ್ಲಿದ್ದ ಕೈಯ ಹಿಂದೆ ಹಣೆಗಿಳಿದ ಹೆಲ್ಮೆಟ್ಟೊಂದಿತ್ತು. ಅದು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಯಾರಿಗೂ ಕೇಳಿಸದಂತೆ ಪಿಸುಗುಟ್ಟಿತು: "ಮೊಣಕಾಲು ಬಗ್ಗಿಸು, ಅಪ್ಪಾ." ಬಗ್ಗಿಸಿದೆ. ಮೂಟೆಯಂತೆ ಮೇಲೆ ಬಂದೆ.

ಸೋಮವಾರ ಲೈಬ್ರರಿ ಮೆಟ್ಟಿಲಿನ ನಿಷೇಧದ ಬೋರ್ಡನ್ನು ನಾನೇ ಸ್ಕ್ರೂ ಬಿಚ್ಚಿ ತೆಗೆದೆ. ಯಾಕೆ ಎಂದು ಸಹಾಯಕಿ ಕೇಳಿದಾಗ "ತುಕ್ಕು ಹಿಡಿದಿತ್ತು" ಅಂದೆ. ಅದು ಪ್ಲಾಸ್ಟಿಕ್ಕಿನದು. ಅವಳು ದೊಡ್ಡ ಮನಸ್ಸು ಮಾಡಿ ಬಿದ್ದ ಸ್ಕ್ರೂಗಳನ್ನು ಆಯ್ದುಕೊಟ್ಟಳು.

ಮುಂದಿನ ಶನಿವಾರ, ಬಿಟ್ಟುಬಂದಿದ್ದ ಸ್ಕೇಟ್‌ಬೋರ್ಡು ತರುವ ನೆಪದಲ್ಲಿ ಕುಂಟುತ್ತಾ ಮೈದಾನಕ್ಕೆ ಹೋದೆ. ನಿಜ ಹೇಳುತ್ತೇನೆ, ಮೆಟ್ಟಿಲು ಬಿಟ್ಟುಕೊಟ್ಟ ಮಹಾನುಭಾವನಿಗೆ ಒಂದು ಚಪ್ಪಾಳೆಯಾದರೂ ಬೀಳಬಹುದು ಎಂಬ ಆಸೆಯಿತ್ತು. ಯಾರೂ ತಿರುಗಿ ನೋಡಲಿಲ್ಲ. ಆದರೆ ಬಟ್ಟಲಿನ ಅಂಚಿನ ಕಂಬಿಗೆ ಹೊಸದೊಂದು ಹಗ್ಗ ಕಟ್ಟಿತ್ತು. ಮೊಳಕ್ಕೊಂದು ಗಂಟು. ಮೇಲೊಂದು ರಟ್ಟು ತೂಗುತ್ತಿತ್ತು:

'ಅಪ್ಪಂದಿರಿಗೆ ಮಾತ್ರ. ಒಮ್ಮೆಗೆ ಒಬ್ಬರೇ.'

ಅಕ್ಷರ ನನ್ನ ಮಗಳದು. ಹಗ್ಗ ಎಳೆದು ನೋಡಿದೆ. ನನ್ನ ತೂಕ ಲೆಕ್ಕ ಹಾಕಿಯೇ ಕಟ್ಟಿದ್ದಳು.