ಕೊನೆಯ ಅಕ್ಷರದ ಬಾಗಿಲು

ನಾನು ಮೂಢನಂಬಿಕೆಗಳ ಕಡು ವಿರೋಧಿ. ಬೆಕ್ಕು ಅಡ್ಡ ಬಂದರೆ ನಾನು ನಿಲ್ಲುವವನಲ್ಲ. ಸ್ಕೂಟರಿನ ವೇಗ ಸ್ವಲ್ಪ ತಗ್ಗಿಸುತ್ತೇನೆ, ಅಷ್ಟೇ. ರೈಲ್ವೆ ಕಚೇರಿಯಲ್ಲಿ ಯಾರಾದರೂ ರಾಹುಕಾಲದ ಮಾತೆತ್ತಿದರೆ ಅದರ ವಿರುದ್ಧ ದೊಡ್ಡ ಭಾಷಣವನ್ನೇ ಬಿಗಿಯುತ್ತೇನೆ. ಭಾಷಣ ಮುಗಿಯುವಷ್ಟರಲ್ಲಿ ರಾಹುಕಾಲವೂ ಮುಗಿದಿರುತ್ತದೆ, ಎಲ್ಲರಿಗೂ ಅನುಕೂಲ. ಆದರೆ ನನ್ನ ವೈಚಾರಿಕತೆಗೆ ಒಂದು ಸಣ್ಣ ದೋಷವಿದೆ. ಅದು ಮನೆಯ ಹೊಸ್ತಿಲ ತನಕ ನನ್ನ ಜೊತೆಗೇ ಬರುತ್ತದೆ, ಒಳಗೆ ಅವ್ವನ ದನಿ ಕೇಳಿದ ಕೂಡಲೇ ಚಪ್ಪಲಿಗಳ ಪಕ್ಕದಲ್ಲಿ ಕೂತುಬಿಡುತ್ತದೆ.

ಲೋಕವೆಲ್ಲ ಮಗುವಿನ ಹೆಸರಿಗೆ ಮೊದಲ ಅಕ್ಷರ ಹುಡುಕುತ್ತದೆ. ನಕ್ಷತ್ರ ನೋಡಿ, ಪಾದ ನೋಡಿ, ಪುರೋಹಿತರು ಚು, ಚೆ, ಚೋ ಎಂದು ಏನೋ ಒಂದು ಕೊಡುತ್ತಾರೆ. ನಾಗಪುರದ ಪ್ರತಾಪ ನಗರದಲ್ಲಿರುವ ನಮ್ಮ ಮನೆಯಲ್ಲಿ ಮಾತ್ರ ಎರಡನೆಯ ಮಗಳು ಹುಟ್ಟಿದ ಮೇಲೆ ಕೊನೆಯ ಅಕ್ಷರದ ಚರ್ಚೆ ಶುರುವಾಯಿತು. ಇದಕ್ಕೆ ಕಾರಣ, ಬಾಣಂತನಕ್ಕೆಂದು ಗದಗದಿಂದ ಬಂದ ನನ್ನ ಅವ್ವ. ಅವಳಿಗೆ ರೈಲಿನಲ್ಲಿ ಎದುರಿನ ಸೀಟಿನ ಹೆಂಗಸೊಬ್ಬಳು ಈ ವಿದ್ಯೆ ಹೇಳಿಕೊಟ್ಟಿದ್ದಳಂತೆ. ಆ ಹೆಂಗಸಿಗೆ ನಾಲ್ವರು ಗಂಡು ಮೊಮ್ಮಕ್ಕಳಂತೆ. ಇದಕ್ಕಿಂತ ದೊಡ್ಡ ಪದವಿ ಯಾವ ವಿಶ್ವವಿದ್ಯಾಲಯ ಕೊಟ್ಟೀತು?

"ಮೊದಲನೇ ಕೂಸಿಗೆ ಮಾನಸಿ ಅಂತ ಇಟ್ರಿ," ಎಂದಳು ಅವ್ವ. "ಮಾನಸೀ ಅಂತ ಕರದ್ರ ದನಿ ಎಲ್ಲ್ಯರ ನಿಲ್ಲತೈತೇನು? ತಲಬಾಗಲಾ ತೆರದಿಟ್ಟಂಗ ಹೋಗಕೋತನ ಇರತೈತಿ. ಅದಕ್ಕ ಅದರ ಬೆನ್ನಿಗೆ ಇನ್ನೊಂದು ಹೆಣ್ಣು ಬಂತು. ಈ ಸಲ ಹೆಸರು ಟಕ್ಕಂತ ನಿಲ್ಲಬೇಕು ನೋಡು. ಬಾಗಲಾ ಹಾಕಿದಂಗ. ಆವಾಗ ಮೂರನೇದು ಗಂಡು."

ಹೆಸರಿನಿಂದ ದೇವರ ಕೆಲಸ ತಿದ್ದುವುದು ಅವ್ವನಿಗೆ ಹೊಸದೇನಲ್ಲ. ನನಗೆ ಮೂವರು ಅಕ್ಕಂದಿರು. ಸುಮಿತ್ರಾ, ಸರೋಜಾ ಆದ ಮೇಲೆ ಮೂರನೆಯದೂ ಹೆಣ್ಣಾದಾಗ ಅದಕ್ಕೆ ಸಾಕವ್ವ ಎಂದು ಹೆಸರಿಟ್ಟರು. ಹೆಣ್ಣು ಸಾಕು ಎಂದು ಮೇಲಿನವನಿಗೆ ಕಳಿಸಿದ ಅರ್ಜಿ ಅದು. ಎರಡು ವರ್ಷದಲ್ಲಿ ಅರ್ಜಿ ಮಂಜೂರಾಗಿ ನಾನು ಹುಟ್ಟಿದೆ. "ಈ ಕಾಲದಾಗ ಹಂಗ ಇಟ್ರ ಸಾಲ್ಯಾಗ ನಗತಾರ. ಅದಕ್ಕ ಅಕ್ಷರದ ಮ್ಯಾಲ ಮುಗಿಸೂಣು," ಎಂದು ಅವ್ವ ಆಧುನಿಕಳಾಗಿದ್ದಳು.

ಇಲ್ಲಿ ನಿಮಗೊಂದು ಗುಟ್ಟು ಹೇಳಲೇಬೇಕು. ಮೂರನೆಯ ಮಗು ಬರುವಂತೆಯೇ ಇರಲಿಲ್ಲ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದಾಗಲೇ ನನ್ನ ಹೆಂಡತಿ ಶೈಲಾ ಮಕ್ಕಳಾಗದ ಆಪರೇಷನ್ನನ್ನೂ ಮಾಡಿಸಿಕೊಂಡಿದ್ದಳು. ಇಬ್ಬರೂ ಕೂತು ಮಾತಾಡಿಯೇ ತೀರ್ಮಾನಿಸಿದ್ದು. ಕಾಗದಕ್ಕೆ ನಾನೇ ಸಹಿ ಹಾಕಿದ್ದೆ. ಅವ್ವನಿಗೆ ತಿಳಿಸುವ ಜವಾಬ್ದಾರಿಯೂ ನನ್ನದೇ ಆಗಿತ್ತು. "ಬರೋಬರ್ ಹೇಳತೀರಿಲ್ಲೋ?" ಎಂದು ಶೈಲಾ ಆಸ್ಪತ್ರೆಯಲ್ಲೇ ಕೇಳಿದ್ದಳು. "ಅದೇನ್ ದೊಡ್ಡ ಮಾತು, ಅವ್ವ ಬರ್ಲಿ, ಮೊದಲ ದಿನಾನ ಹೇಳತೀನಿ," ಎಂದಿದ್ದೆ. ಮೊದಲ ದಿನ ಅವ್ವ ಪ್ರಯಾಣದಿಂದ ದಣಿದಿದ್ದಳು. ಎರಡನೆಯ ದಿನ ಅವಳಿಗೆ ಉಪವಾಸ. ಮೂರನೆಯ ದಿನ ಅವಳು ಬಹಳ ಖುಷಿಯಲ್ಲಿದ್ದಳು, ಕೆಡಿಸಲು ಮನಸ್ಸಾಗಲಿಲ್ಲ. ಹೀಗೆ ದಿನಕ್ಕೊಂದು ನೆಪ ಒದಗುತ್ತ ಹೋಗಿ, ನಾನು ಬಾರದ ಮಗನನ್ನು ಬರಮಾಡಿಕೊಳ್ಳುವ ಹೆಸರು ಹುಡುಕುತ್ತ ಕೂತೆ.

ಹುಡುಕಿದರೆ ಕನ್ನಡದ ಹೆಣ್ಣು ಹೆಸರುಗಳಲ್ಲಿ ಒಂದಾದರೂ ಟಕ್ಕೆಂದು ನಿಲ್ಲುವುದಿಲ್ಲ. ಎಲ್ಲವೂ ಆ ಎಂದೋ ಈ ಎಂದೋ ಬಾಗಿಲು ತೆರೆದುಕೊಂಡೇ ಇವೆ. ಕೊನೆಗೆ ನಾಗಪುರದ ಹಿಂದಿ ಹೆಸರುಗಳೇ ಗತಿಯಾದವು: ಕಾಜಲ್, ಪಾಯಲ್, ಶೀತಲ್, ಪೂನಮ್. ಪಟ್ಟಿ ಓದಿ ಹೇಳಿದೆ. ಅವ್ವ ಒಂದೊಂದನ್ನೂ ಬಾಯಲ್ಲಿ ಹಾಕಿ ನೋಡಿದಳು. "ಕಾಜಲ್ಲು... ಪಾಯಲ್ಲು... ಪೂನಮ್ಮು..." ಒಳಕೋಣೆಯಿಂದ ಶೈಲಾ, "ಅತ್ತಿ, ನಾವು ಹಾಕಿದ ಬಾಗಲಾ ನೀವ ತೆರ್ಯಾಕ್ಹತ್ತೀರಲ್ಲರಿ," ಎಂದಳು. ಆ ದನಿಯಲ್ಲಿ ನಗುವಿತ್ತು. ನನಗಾಗಿ ಇಟ್ಟ ಸಿಟ್ಟೂ ಇತ್ತು.

ಹೆಸರಿಡುವ ದಿನ ಹಂಚುವ ಗುಗ್ಗರಿಗೆ ಕಡಲೆ ತರಲು ಇತವಾರಿ ಪೇಟೆಗೆ ಹೋದಾಗಲೂ ಅವ್ವ ಸಂಶೋಧನೆ ಬಿಡಲಿಲ್ಲ. ಕೈಗಾಡಿಗಳ ನಡುವೆ ಒಂದು ಅಂಗಡಿಯಲ್ಲಿ ಮೂವರು ಗಂಡುಮಕ್ಕಳು ಚೀಲ ಹೊಲಿಯುವುದನ್ನು ಕಂಡು, "ಇವರ ಮೊದಲು ಹೆಣ್ಣಿತ್ತೇನು, ಕೇಳು," ಎಂದಳು. ನಾನು ಹಿಂದಿಯಲ್ಲಿ ಕೇಳಿದೆ. ವ್ಯಾಪಾರಿ ನನ್ನನ್ನು ಅನುಮಾನದಿಂದ ನೋಡಿ, ಹಿರಿಯ ಮಗಳಿದ್ದಾಳೆ, ಹೆಸರು ಕೋಮಲ್ ಎಂದ. ಅವ್ವ ನನ್ನ ಬೆನ್ನಿಗೊಂದು ಗುದ್ದಿದಳು. ವಿಜ್ಞಾನಿಗಳು ಪ್ರಯೋಗ ಫಲಿಸಿದಾಗ ಹೀಗೇ ಮಾಡುತ್ತಾರೋ ಏನೋ. ಮರುದಿನ ಕಚೇರಿಯ ಗೆಳೆಯ ಗಾವಂಡೆ ಊಟದ ಡಬ್ಬಿ ಬಿಚ್ಚುತ್ತ, "ಕಿರಣ್ ರಖೋ ನಾ ಸಾಹಬ್, ಲಡ್ಕಾ ಲಡ್ಕೀ ದೋನೋ ಮೇ ಚಲ್ತಾ ಹೈ," ಎಂದ. ಅವ್ವನಿಗೆ ಇದು ಬಹಳ ಹಿಡಿಸಿತು. ಹೆಸರು ಗಂಡಿನದೂ ಆದ್ದರಿಂದ ಬರುವವನಿಗೆ ಮನೆ ಗುರುತು ಹಿಡಿಯುವುದು ಸುಲಭ. ಕಿರಣ್ ಖಾಯಂ ಆಯಿತು.

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರಕ್ಕೆ ಎರಡು ದಿನ ಇರುವಾಗ, ಮಾನಸಿಯನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡಲು ಹೊರಟಿದ್ದೆ. ಆರು ವರ್ಷದ ಹುಡುಗಿ. ಹಿಂದೆ ಕೂತವಳು ನನ್ನ ಅಂಗಿ ಹಿಡಿದು ಕೇಳಿದಳು: "ಅಪ್ಪಾ, ಮೇರೇ ನಾಮ್ ಕೀ ವಜಹ್ ಸೇ ಭಾಯಿ ನಹೀ ಆಯಾ ಕ್ಯಾ? ನನ್ನ ಹೆಸರಿಂದನ ತಮ್ಮ ಬರಲಿಲ್ಲೇನು? ಅದು ಖರಾಬ್ ಐತೇನು?"

ಮೂಢನಂಬಿಕೆಯ ಕಡು ವಿರೋಧಿಯಾದ ನಾನು ಇಲ್ಲಿ ಗಾಡಿ ನಿಲ್ಲಿಸಿ ಭಾಷಣ ಮಾಡಬೇಕಿತ್ತು. ಮಾಡಲಿಲ್ಲ. "ಹಂಗೇನಿಲ್ಲ, ಜಲ್ದಿ ಇಳಿ, ಬೆಲ್ ಆತು," ಎಂದೆ. ಬೆಲ್ ಆಗಿರಲಿಲ್ಲ. ಚೀಲ ಹೊತ್ತು ಅವಳು ಗೇಟಿನೊಳಗೆ ನಡೆದು ಹೋದದ್ದನ್ನು ನೋಡಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆ ಹೇಸಿಗೆ ಕಚೇರಿ ಮುಟ್ಟುವ ತನಕ ಇತ್ತು.

ತೊಟ್ಟಿಲ ಹಿಂದಿನ ದಿನ ನನ್ನ ಮೂರನೆಯ ಅಕ್ಕ ಸಾಕವ್ವ, ನಾನು ಕರೆಯುವ ಸಾಕಕ್ಕ, ಬಂದಳು. ಗದಗದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಬಾಗಿ "ಕುರ್‍ರ" ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳು ಹೇಳಿದ್ದೇ ಹೆಸರು. ಮತ್ತೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಅವಳಿಗೆ ಮರೆಯಬಾರದೆಂದು ನಾನು ಕಿರಣ್ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಓದಿ, ಮಡಚಿ, ಸೂಜಿಡಬ್ಬಿಯಲ್ಲಿಟ್ಟಳು. ಆಮೇಲೆ ಕೂಸಿಗೆ ಕುಲಾವಿ ಹೊಲಿಯುತ್ತ ಶೈಲಾಳ ಹತ್ತಿರ ಬಹಳ ಹೊತ್ತು ಕೂತಿದ್ದಳು. ಮಾನಸಿಯೂ ಅಲ್ಲೇ ದಾರ ಕಚ್ಚಿಕೊಡುತ್ತಿದ್ದಳು.

ಮರುದಿನ ಅಕ್ಕಪಕ್ಕದ ಮರಾಠಿ ಹೆಂಗಸರೂ ಸೇರಿ ಮನೆ ತುಂಬಿತ್ತು. ಸಾಕಕ್ಕ ತೊಟ್ಟಿಲಿಗೆ ಬಾಗಿದಳು. ಬೆನ್ನಿಗೆ ಗುದ್ದುಗಳು ಬಿದ್ದವು. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ, "ಗೌರಿ," ಎಂದಳು.

"ನನ್ನ ಹೆಸರಿನಂಗ ಮುಗಿಯೋ ಹೆಸರು!" ಎಂದು ಮಾನಸಿ ಕುಣಿದಳು. "ನಾನು ಹೇಳಿದ್ದು ಅದು!"

ಅವ್ವನ ಮುಖ ಬಿಳಿಚಿತು. ದೇವಿಯ ಹೆಸರು, ಬೈಯುವಂತೆಯೂ ಇಲ್ಲ. "ಮತ್ತ ಬಾಗಲಾ ತೆರದಿ ಅಲ್ಲ ಸಾಕೀ! ಇನ್ನ ಗಂಡು ಹೆಂಗ ಬರಬೇಕು?"

"ಆ ಬಾಗಲಾ ಡಾಕ್ಟರ ಅವತ್ತ ಹೊಲದು ಕಳಿಸ್ಯಾರವ್ವಾ," ಎಂದಳು ಸಾಕಕ್ಕ. "ಇನ್ನ ಮಕ್ಕಳಾಗೂದುಲ್ಲ. ಸಹಿ ಮಾಡಿದಾಂವ ನಿನ್ನ ಮಗಾನ, ಕೇಳು. ನನ್ನ ಹೆಸರು ನನಗ ಇಟ್ಟಿದ್ದಲ್ಲ, ಹಿಂದ ಬರೂ ಇಂವನ ಸಲುವಾಗಿ ಇಟ್ಟಿದ್ದು. ನಲವತ್ತು ವರ್ಷ ಹೊತ್ತೀನಿ. ಈ ಕೂಸಿನ ಹೆಸರರ ಅದರದ ಇರಲಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಗಿಲ ಮರೆಯಲ್ಲಿ ಗುಗ್ಗರಿಯ ಬುಟ್ಟಿ ಹಿಡಿದು ನಿಂತಿದ್ದೆ. ಅವ್ವ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಅದರ ಮುಖ ನೋಡಿದಳು, ಸಾಕಕ್ಕನ ಮುಖ ನೋಡಿದಳು. ಕೊನೆಗೆ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ ನಿಟ್ಟುಸಿರು ಬಿಟ್ಟಳು.

"ಒಂದು ಮಾತು ಹೇಳಾಕ ಇವಂಗ ಬಾಯಿ ಇರಲಿಲ್ಲ. ಇಂಥಾವನ್ನ ಕರ್ಯಾಕ ನಾ ಒಂದು ಹೆಣ್ಣುಕೂಸಿನ ಹೆಸರು ಹಾಳ ಮಾಡಿದ್ನೆಲ್ಲೋ," ಎಂದಳು. "ಹೋಗು, ಗುಗ್ಗರಿ ಹಂಚು. ಅಷ್ಟರ ಮಾಡು."

ಅಷ್ಟನ್ನು ಮಾತ್ರ ಚೆನ್ನಾಗಿ ಮಾಡಿದೆ. ಕಾಲನಿಯ ಮನೆಮನೆಗೂ ಹಂಚಿದೆ, ಕಚೇರಿಯಲ್ಲಿ ಗಾವಂಡೆಗೂ ಕೊಟ್ಟೆ. ಕಿರಣ್ ಏಕೆ ಇಡಲಿಲ್ಲವೆಂದು ಅವನು ಕೇಳಿದ. ಕೊನೆಯ ಅಕ್ಷರ ನೋಡಿ ಹೆಸರಿಡುವುದೆಲ್ಲ ಬರೀ ಮೂಢನಂಬಿಕೆ, ಅದಕ್ಕೇ ಮನೆಯಲ್ಲಿ ಎಲ್ಲರನ್ನೂ ಎದುರು ಹಾಕಿಕೊಂಡು ಗೌರಿ ಎಂದು ನಾನೇ ಇಟ್ಟೆ ಎಂದೆ.