ದೆವ್ವದ ಧಾರಾವಾಹಿಗೆ ನನ್ನ ಟಿಪ್ಪಣಿ

ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದ ನನ್ನಂಥ ವಿದ್ವನ್ಮಣಿಗೆ ಸ್ವಂತ ಸೋಫಾದ ಮೇಲೆ ಬಾಯಿ ತೆರೆಯುವ ಸ್ವಾತಂತ್ರ್ಯವಿಲ್ಲ ಎಂದರೆ ನೀವು ನಂಬಬೇಕು.

ಒಂದು ಹಳೆಯ, ಹೆಸರಾಂತ ದೆವ್ವದ ಕಾದಂಬರಿ ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ಧಾರಾವಾಹಿಯಾಗಿ ಬರುತ್ತಿದೆ. ತೆಗೆದವರು ಮಹಾ ಕಿಲಾಡಿಗಳು. ಅಂಗಡಿಯ ಬೋರ್ಡಿನಲ್ಲಿ ಅದೇ ಲೇಖಕರ ಇನ್ನೊಂದು ಕಥೆಯ ಹೆಸರು, ಗೋರಿಕಲ್ಲಿನ ಮೇಲೆ ಮತ್ತೊಂದು ಕಥೆಯ ನಾಯಕಿ, ಹೀಗೆ ಏನೇನೋ ಬಚ್ಚಿಟ್ಟಿದ್ದಾರೆ. ಬಚ್ಚಿಟ್ಟದ್ದನ್ನು ಹೆಕ್ಕುವುದೇ ನನ್ನ ಕಸುಬು. (ಸಂಬಳವೂ ಅದಕ್ಕೇ.)

ನಾಲ್ಕನೇ ವಾರ ನಾಯಕಿ ನಡುಗುತ್ತಾ ಮೆಟ್ಟಿಲು ಹತ್ತುತ್ತಿದ್ದಳು. ನಾನು ರಿಮೋಟು ಒತ್ತಿ ಅವಳನ್ನು ಅಲ್ಲೇ ನಿಲ್ಲಿಸಿದೆ.

"ಗಡಿಯಾರ ನೋಡೇ! ನಾಲ್ಕೂ ಹತ್ತಕ್ಕೆ ನಿಂತಿದೆ. ಪುಸ್ತಕದಲ್ಲಿ ಈ ಮೆಟ್ಟಿಲು ಬರೋದೂ ನಾಲ್ಕನೇ ಅಧ್ಯಾಯ, ಹತ್ತನೇ ಪ್ಯಾರಾ! ಆಹಾ!"

ಹೆಂಡತಿ ದರ್ಜಿ. ಮಾತನ್ನೂ ಅಳತೆ ಹಿಡಿದೇ ಕತ್ತರಿಸುತ್ತಾಳೆ.

"ರೀ, ವಾರವಿಡೀ ಗುಂಡಿ ಹೊಲಿದು ಬೆರಳು ಸವೆದಿದೆ. ಒಂದು ಗಂಟೆ ನೆಮ್ಮದಿಯಾಗಿ ಹೆದರ್ಕೊಳ್ಳೋಕೂ ಬಿಡಲ್ವಲ್ಲ ನೀವು! ನಿಮ್ಮ ಅಡಿಟಿಪ್ಪಣಿ ಎಲ್ಲ ಅಡುಗೆಮನೇಲಿ ಇಟ್ಕೊಳ್ಳಿ. ಇನ್ನೊಂದು ಸಲ ಬಾಯಿ ಬಿಟ್ರೆ, ಭಾನುವಾರ ಪೂರ್ತಿ ಅಕ್ಕನ ಮನೇಲೇ ಇರ್ತೀನಿ."

ಮನೆಯಲ್ಲಿರುವುದು ನಾವಿಬ್ಬರೇ. ವಾರದಲ್ಲಿ ನಾವು ಒಟ್ಟಿಗೆ ಕೂರುವುದು ಅದೊಂದೇ ದಿನ. ನಾನು ನಿಜಕ್ಕೂ ಗಾಬರಿಯಾದೆ.

ಮುಂದಿನ ವಾರ ರಿಮೋಟನ್ನು ಅವಳಿಗೊಪ್ಪಿಸಿ, ತುಟಿ ಹೊಲಿದುಕೊಂಡು ಕೂತೆ. ಮಾತಿಲ್ಲದ್ದರಿಂದ ಕಥೆಯನ್ನೇ ನೋಡಬೇಕಾಯಿತು. ನೆಲಮಾಳಿಗೆಯ ಬಾಗಿಲು ತಾನಾಗಿಯೇ ಕಿರ್‌ರ್‌ ಎಂದು ತೆರೆದುಕೊಂಡಿತು. ಮನೆ ನಡುಗುವಂತೆ ಯಾರೋ ಕಿರುಚಿದರು. ನಾಯಕಿಯಲ್ಲ, ನಾನು! ಕಣ್ಣು ಬಿಟ್ಟಾಗ ನನ್ನ ಮುಖದ ಮೇಲೆ ದಿಂಬು, ಕೈಯಲ್ಲಿ ಹೆಂಡತಿಯ ತೋಳು.

ಅವಳು ಟಿ.ವಿ. ನಿಲ್ಲಿಸಿದಳು. "ಈ ಪುಸ್ತಕ ಏಳು ಸಲ ಓದಿದೀನಿ ಅಂತಿದ್ರಿ?"

"ಓದಿದೀನಿ ಕಣೇ... ಮೊದಲರ್ಧ."

"ಇನ್ನರ್ಧ?"

"ಈ ಬಾಗಿಲು ಬರ್ತಿದ್ದ ಹಾಗೇ ಭಯ ಆಗೋದು. ಮತ್ತೆ ಮೊದಲಿಂದ ಶುರು ಮಾಡ್ತಿದ್ದೆ."

"ಅಂದ್ರೆ ಈ ಗೋರಿಕಲ್ಲು, ಗಡಿಯಾರ, ಬೋರ್ಡು..."

"ಮಾತಾಡ್ತಾ ಇದ್ರೆ ಅಷ್ಟು ಹೆದರಿಕೆ ಆಗಲ್ಲ."

ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂತು. ಇನ್ನು ಅಕ್ಕನ ಮನೆಗೆ ಹೊರಟಳು ಎಂದುಕೊಂಡೆ. ಅವಳು ಕಪಾಟಿನಿಂದ ಪುಸ್ತಕ ತಂದು ನನ್ನ ಪಕ್ಕಕ್ಕೇ ಒತ್ತಿಕೊಂಡು ಕೂತಳು.

"ಬನ್ನಿ, ಇನ್ನರ್ಧ ಇಬ್ರೂ ಓದೋಣ."

ಈಗ ದಿನಾ ಸಂಜೆ ಅವಳು ಗುಂಡಿ ಹೊಲಿಯುತ್ತಾ ಗಟ್ಟಿಯಾಗಿ ಓದುತ್ತಾಳೆ. ಪುಟ ತಿರುಗಿಸುವ ವೀರಕಾರ್ಯ ನನ್ನದು. ಕಣ್ಣು ಮುಚ್ಚಿಕೊಂಡು ಮಾಡುವುದರಿಂದ ಒಮ್ಮೊಮ್ಮೆ ಎರಡೆರಡು ತಿರುಗುತ್ತವೆ.

"ರೀ, ಹಿಂದಕ್ಕೆ ತಿರುಗಿಸ್ರಿ," ಎನ್ನುತ್ತಾಳೆ ಅವಳು. "ದೆವ್ವ ಆ ಪುಟದಲ್ಲೇ ಉಳ್ಕೊಂಡ್ತು."