ದೊಡ್ಡಪ್ಪನ ಕುಳ್ಳ ಕಟ್ಟೆ

ನಮ್ಮ ದೊಡ್ಡಪ್ಪನಿಗೆ ತಲೆ ಕೆಟ್ಟಿದೆ ಎಂದು ಅರ್ಧ ಮಣಿಪಾಲ ಹೇಳುತ್ತದೆ. ಉಳಿದರ್ಧ ಮಣಿಪಾಲ ಅವರು ಕಟ್ಟಿಸಿದ ಬಾಡಿಗೆ ಫ್ಲ್ಯಾಟುಗಳನ್ನು ಇನ್ನೂ ನೋಡಿಲ್ಲ, ಅಷ್ಟೇ!

ಬ್ಯಾಂಕಿನ ನೌಕರಿಯೆಂದು ಊರೂರು ವರ್ಗವಾಗುತ್ತಾ ಬಾಡಿಗೆ ಮನೆಗಳಲ್ಲೇ ಆಯುಷ್ಯ ಕಳೆದ ಮನುಷ್ಯ. ನಿವೃತ್ತಿಯಾಗಿ ಕಾಪುವಿಗೆ ಬಂದರೂ ಅಲ್ಲಿಯೂ ಬಾಡಿಗೆ ಮನೆಯೇ. ಕೊನೆಗೆ ಮಣಿಪಾಲದಲ್ಲಿ ಬಾಡಿಗೆಗೆಂದೇ ಒಂದು ಕಟ್ಟಡ ಎಬ್ಬಿಸಿದರು. ಕೆಳಗಿನ ಫ್ಲ್ಯಾಟು ತಮಗೆ. ಒಳಾಂಗಣ ವಿನ್ಯಾಸಕ್ಕೆ ಲ್ಯಾಪ್‌ಟಾಪ್ ಹಿಡಿದ ಹುಡುಗಿಯೊಬ್ಬಳನ್ನು ಕರೆಸಿದರು. ಪಾಪ, ಆ ಹುಡುಗಿ! ಅವಳು ಗೋಡೆಯ ಬಣ್ಣ ತೋರಿಸಿದರೆ ಇವರು, "ಒದ್ದೆ ಕೊಡೆ ಎಲ್ಲಿ ಇಡುವುದು?" ಎನ್ನುತ್ತಿದ್ದರು. ಅವಳು ಫಾಲ್ಸ್ ಸೀಲಿಂಗ್ ಎಂದರೆ, "ಮಳೆಗಾಲದಲ್ಲಿ ಮೈ ಒರೆಸಿದ ಬೈರಾಸು ಒಣಗಿಸುವುದು ಎಲ್ಲಿ?"

ಕಿಟಕಿಯ ಪರೀಕ್ಷೆಗೆಂದು ಬಾಗಿಲು ಕೂಡ ಕೂರಿಸದ ಅಡುಗೆಮನೆಯಲ್ಲಿ ಒಮ್ಮೆ ಬಂಗುಡೆ ಮೀನು ಹುರಿದರು. ವಾಸನೆ ಹೊರಗೆ ಹೋಯಿತೇ? ಹೋಯಿತು. ಪಕ್ಕದ ಕಟ್ಟಡದ ವಾಚ್‌ಮನ್ ತಟ್ಟೆ ಹಿಡಿದುಕೊಂಡು ಬಂದ! "ಕಿಟಕಿ ಪಾಸ್" ಎಂದರು ದೊಡ್ಡಪ್ಪ.

ಇಷ್ಟೆಲ್ಲ ಸಹಿಸಿದ ಹುಡುಗಿ ಸೋತದ್ದು ಅಡುಗೆ ಕಟ್ಟೆಯ ಎದುರು. ದೊಡ್ಡಪ್ಪ ಎಲ್ಲ ಫ್ಲ್ಯಾಟುಗಳಲ್ಲೂ ಕಟ್ಟೆಯನ್ನು ಒಂದು ಗೇಣು ತಗ್ಗಿಸಿ ಕಟ್ಟಿಸಿದ್ದರು!

"ಸರ್, ಸ್ಟ್ಯಾಂಡರ್ಡ್ ಎತ್ತರ ಅಂತ ಒಂದು ಉಂಟಲ್ವಾ?"

"ಯಾರಮ್ಮ ಅದು ಸ್ಟ್ಯಾಂಡರ್ಡ್? ನಮ್ಮ ಮನೆಗೆ ಬಂದು ಅಡುಗೆ ಮಾಡಿದ್ದಾರಾ?"

ಮನೆ ನೋಡಲು ಬಂದ ಉದ್ದನೆಯ ಡಾಕ್ಟರೊಬ್ಬರು ಸಿಂಕಿಗೆ ಬಗ್ಗಿದವರು ಸೊಂಟ ಹಿಡಿದುಕೊಂಡೇ ಎದ್ದರು. "ಇಲ್ಲಿ ಇರುವುದಕ್ಕಿಂತ ಇಲ್ಲೇ ಕ್ಲಿನಿಕ್ ಇಡುವುದು ಒಳ್ಳೆಯದು" ಎಂದು ಹೊರಟುಹೋದರು. ಹೀಗಾದರೆ ಬಾಡಿಗೆಗೆ ಬರುವವರು ಯಾರು? ನಾವೆಲ್ಲ ಸೇರಿ ದೊಡ್ಡಮ್ಮನ ಮೊರೆಹೋದೆವು. ಅವರು ಆ ಕಟ್ಟಡಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ.

"ಬಾಡಿಗೆ ಮನೆ ನೋಡಿ ನೋಡಿ ನನಗೆ ಸಾಕಾಗಿದೆ ಮಾರಾಯ. ಮನೆ ಒಕ್ಕಲಿನ ದಿನ ಬರ್ತೇನೆ. ಆ ಕಟ್ಟೆ ಒಡೆಸದೆ ಬಿಡುವುದಿಲ್ಲ, ನೋಡು!"

ಮನೆ ಒಕ್ಕಲಿನ ಬೆಳಿಗ್ಗೆ ಹಾಲು ಉಕ್ಕಿಸಲು ದೊಡ್ಡಮ್ಮ ಬಂದರು. ಕಂಕುಳಲ್ಲಿ ಮರದ ಮಣೆ! ನಗಬೇಡಿ. ದೊಡ್ಡಮ್ಮ ತೀರಾ ಕುಳ್ಳಗೆ. ಯಾವ ಊರಿನ ಕಟ್ಟೆಯೂ ಅವರಿಗೆ ಎಟುಕಿದ್ದಿಲ್ಲ. ಮದುವೆಯಾದಂದಿನಿಂದ ಮಣೆಯ ಮೇಲೆ ನಿಂತೇ ಅಡುಗೆ ಮಾಡಿದವರು.

ಅಭ್ಯಾಸಬಲ ನೋಡಿ, ಮಣೆ ಇಟ್ಟು ಹತ್ತಿಯೇಬಿಟ್ಟರು. ಹಾಲಿನ ಪಾತ್ರೆ ಎಲ್ಲೋ ಮೊಣಕಾಲಿನ ಹತ್ತಿರ ಇತ್ತು! ನಾವು ಮುಸಿಮುಸಿ ನಕ್ಕೆವು. ದೊಡ್ಡಮ್ಮ ನಗಲಿಲ್ಲ. ಮೆಲ್ಲನೆ ಇಳಿದು, ಮಣೆಯನ್ನು ಗೋಡೆಗೆ ಒರಗಿಸಿ, ಬರಿಯ ನೆಲದ ಮೇಲೆ ನಿಂತರು. ಎರಡೂ ಕೈಗಳನ್ನು ಕಟ್ಟೆಯ ಮೇಲೆ ಊರಿದರು.

"ನನಗೆ ಒಂದು ಮಾತು ಹೇಳಲಿಲ್ಲ ನೀವು."

ದೊಡ್ಡಪ್ಪ ಕಿಟಕಿಯ ಕಡೆ ನೋಡುತ್ತಾ, "ಹೋದ ಊರಲ್ಲೆಲ್ಲ ಓನರ್ ಹತ್ರ ಕೇಳಿದ್ದೆ. ಒಬ್ಬನೂ ಕಟ್ಟೆ ಮುಟ್ಟಲು ಬಿಡಲಿಲ್ಲ. ಈಗ ಓನರ್ ನಾನೇ ಅಲ್ವಾ ಮಾರಾಯ್ತಿ!" ಎಂದರು.

"ಅದಕ್ಕೆ ಎಲ್ಲ ಮನೆಯದ್ದೂ ತಗ್ಗಿಸುವುದಾ?"

"ಬಾಡಿಗೆಗೆ ಬರುವವರಲ್ಲಿ ನಿನ್ನ ಹಾಗಿನವರು ಇರುವುದಿಲ್ವಾ?"

ದೊಡ್ಡಮ್ಮ ನಮ್ಮತ್ತ ತಿರುಗಿ, "ಮೇಲಿನ ಮನೆಗಳದ್ದು ಬೇಕಾದ್ರೆ ಒಡೆಯಿರಿ. ಇದನ್ನು ಮುಟ್ಟಿದ್ರೆ ಉಂಟು ನಿಮಗೆ!" ಎಂದು ಗದರಿದರು.

ಅಷ್ಟರಲ್ಲಿ ಹಾಲು ಉಕ್ಕಿ ಕಟ್ಟೆಯ ತುಂಬ ಹರಿಯಿತು. ಒರೆಸಲು ಯಾರನ್ನೂ ಬಿಡಲಿಲ್ಲ ದೊಡ್ಡಮ್ಮ. ನೆಲದ ಮೇಲೆ ನಿಂತಲ್ಲಿಂದಲೇ ಹಿಂದಿನ ಗೋಡೆಯ ತನಕ ಕೈ ಚಾಚಿ, ನಿಧಾನವಾಗಿ, ತಾವೇ ಒರೆಸಿದರು.